ಸಂಜೆಯಾದರೆ ಆರುತ್ತಿದ್ದ ದೀಪ

ನೆಟ್ ನಿಂತರೆ ನಾವೆಲ್ಲ ಮೊದಲು ಮಾಡುವ ಕೆಲಸ ರೌಟರ್ ಆಫ್ ಮಾಡಿ ಆನ್ ಮಾಡುವುದು. ಬಹಳ ಸಲ ಅದರಿಂದ ಸರಿಯಾಗುತ್ತದೆ ಕೂಡ. ಆದರೆ ಒಂದೇ ತೊಂದರೆ ದಿನವೂ ಮರಳಿ ಬರುತ್ತಿದ್ದರೆ ಆ ಸ್ವಿಚ್ಚೇ ನಮಗೆ ಅಡ್ಡಿಯಾಗುತ್ತದೆ. ಕಳೆದ ಡಿಸೆಂಬರ್ ಮತ್ತು ಜನವರಿಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು, ನೆಟ್‌ವರ್ಕ್ ಪಾಠ ಓದುತ್ತಿರುವ ಗೆಳೆಯರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ಅಕ್ಕ ಬಿ.ಎಸ್ಸಿ. ಮುಗಿಸಿ ಮನೆಯಿಂದಲೇ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸೌದಿಯಲ್ಲಿರುವ ನಮ್ಮೂರಿನವರ ಮಕ್ಕಳು. ಇಲ್ಲಿ ಸಂಜೆ 7 ಗಂಟೆಯಾದರೆ ಅಲ್ಲಿ 4:30. ಮಕ್ಕಳು ಶಾಲೆಯಿಂದ ಬಂದು ಊಟ ಮುಗಿಸಿ ಕುಳಿತುಕೊಳ್ಳುವ ಹೊತ್ತು. ನನ್ನ ಬಸ್ ಪಾಸು, ತಮ್ಮನ ಶಾಲೆಯ ಫೀಸು ಎರಡೂ ಅವಳ ಈ ಸಂಪಾದನೆಯಿಂದಲೇ ನಡೆಯುತ್ತವೆ. ಡಿಸೆಂಬರ್ ಶುರುವಾದಾಗಿನಿಂದ ಸರಿಯಾಗಿ ಅದೇ ಹೊತ್ತಿಗೆ ನೆಟ್ ಹೋಗತೊಡಗಿತು. ರೀಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಬಂದು ಮತ್ತೆ ಹೋಗುತ್ತಿತ್ತು. ಇಬ್ಬರು ಮಕ್ಕಳನ್ನು ಪೋಷಕರು ಬಿಡಿಸಿದರು. ಅವರಲ್ಲೊಬ್ಬರು, ಟೀಚರ್‌ಗೆ ಆಸಕ್ತಿಯಿಲ್ಲ ಎಂದು ಸಂದೇಶ ಕಳುಹಿಸಿದರು. ಅಕ್ಕ ಅದನ್ನು ಓದಿ ಏನೂ ಹೇಳಲಿಲ್ಲ. ಮರುದಿನ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಇದೆಯೇ ಎಂದು ವಿಚಾರಿಸಿದಳು.

ಕಾರಣ ಹೇಳುವವರಿಗೇನೂ ಕೊರತೆಯಿರಲಿಲ್ಲ. ಸಂಜೆ ಎಲ್ಲರೂ ಮೊಬೈಲ್ ನೋಡುತ್ತಾರೆ, ಲೈನ್ ಮೇಲೆ ಭಾರ ಬೀಳುತ್ತದೆ ಎಂದರು ಪಕ್ಕದ ಮನೆಯವರು. ರೌಟರ್ ಹಳೆಯದು, ಹೊಸದು ತಗೊಳ್ಳಿ ಎಂದರು ಮಾವ. ಕಂಪನಿಯ ಹುಡುಗ ಎರಡು ಸಲ ಬಂದ. ಎರಡು ಸಲವೂ ಬೆಳಿಗ್ಗೆ ಬಂದದ್ದರಿಂದ ಎಲ್ಲ ದೀಪಗಳೂ ಹಸಿರಾಗಿದ್ದವು.

ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ಫೈಬರ್ ಲೈನ್ ಚಾವಡಿಯಲ್ಲಿರುವ ಒಂದು ಚಿಕ್ಕ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಸುಮಾರು 15 ಮೀಟರ್ ಉದ್ದದ ಕೇಬಲ್ ಹೊರಗೋಡೆಯ ಮೇಲೆ ಹಾದು, ಅಕ್ಕನ ಕೋಣೆಯಲ್ಲಿರುವ ರೌಟರ್‌ನ ವ್ಯಾನ್ ಪೋರ್ಟಿಗೆ ಸೇರುತ್ತದೆ. ನೆಟ್ ಹೋದಾಗ ಆರುತ್ತಿದ್ದದ್ದು ಈ ಪೋರ್ಟಿನ ದೀಪ.

ರೌಟರ್ ತನಗಾದದ್ದನ್ನೆಲ್ಲ ಲಾಗ್‌ನಲ್ಲಿ ಬರೆದಿಡುತ್ತದೆ. ಬ್ರೌಸರ್‌ನಲ್ಲಿ 192.168.0.1 ಎಂದು ಹಾಕಿ, ಪಾಸ್‌ವರ್ಡ್ ಕೊಟ್ಟು ಒಳಹೋದರೆ ಅದು ಸಿಗುತ್ತದೆ. ಆದರೆ ಮನೆಗಳಲ್ಲಿರುವ ಹೆಚ್ಚಿನ ರೌಟರ್‌ಗಳಲ್ಲಿ ಈ ಲಾಗ್ ಇರುವುದು ತಾತ್ಕಾಲಿಕ ಮೆಮೊರಿಯಲ್ಲಿ. ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ಅನೇಕ ರೌಟರ್‌ಗಳ ಗಡಿಯಾರವೂ 1970ರ ಜನವರಿ 1ಕ್ಕೆ ಹೋಗಿ, ನೆಟ್‌ನಿಂದ ಸಮಯ ಸಿಕ್ಕಿದ ಮೇಲೆ ಸರಿಯಾಗುತ್ತದೆ. ಅಂದರೆ ಪ್ರತಿ ರೀಸ್ಟಾರ್ಟ್‌ನಲ್ಲೂ ಸಾಕ್ಷಿ ನಾಶವಾಗುತ್ತಿತ್ತು. ಆದ್ದರಿಂದ ನಾನು ಅಕ್ಕನಿಗೆ, "ನೆಟ್ ಹೋದರೆ ನನ್ನನ್ನು ಕರೆ. ಲಾಗ್‌ನ ಫೋಟೋ ತೆಗೆದ ಮೇಲೆ ಆಫ್ ಮಾಡು" ಎಂದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಮತ್ತು ಸಮಯ ಬರೆಯುತ್ತಾ ಹೋದೆ.

ಲಾಗ್‌ನಲ್ಲಿ 'ಲಿಂಕ್ ಡೌನ್', 'ಲಿಂಕ್ ಅಪ್' ಎಂಬ ಸಾಲುಗಳು ಒಂದರ ಹಿಂದೆ ಒಂದು ಇದ್ದವು. ಇನ್ನೊಂದು ವಿಷಯವೂ ಕಂಡಿತು. ಬೆಳಿಗ್ಗೆ ಪೋರ್ಟಿನ ವೇಗ 1000 ಎಂದಿರುತ್ತಿತ್ತು, ಸಂಜೆ ಲಿಂಕ್ ಮರಳಿ ಬಂದಾಗ 100 ಎಂದು. ಕೇಬಲ್‌ನ ಒಳಗೆ ಜೋಡಿ ಜೋಡಿಯಾಗಿ ಹೆಣೆದ 8 ತಂತಿಗಳಿರುತ್ತವೆ. 100 ಎಂಬಿಪಿಎಸ್ ವೇಗಕ್ಕೆ 1, 2, 3 ಮತ್ತು 6ನೇ ತಂತಿಗಳು ಸಾಕು. 1000 ಎಂಬಿಪಿಎಸ್‌ಗೆ ಎಂಟೂ ಬೇಕು. ಎಂಟರಲ್ಲಿ ಯಾವುದೋ ತಂತಿ ಸಂಜೆ ಮಾತ್ರ ಕೈಕೊಡುತ್ತಿದೆ ಎಂಬ ಸಂಶಯ ಹುಟ್ಟಿದ್ದು ಇದರಿಂದ.

ಸಂಶಯವನ್ನು ಪರೀಕ್ಷಿಸಬೇಕಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಎಂದು ನಿಯಮ ಮಾಡಿಕೊಂಡೆ. ಒಂದು ಸಂಜೆ ನೆಟ್ ಹೋದಾಗ ಲ್ಯಾಪ್‌ಟಾಪನ್ನು ಬೇರೊಂದು ಗಿಡ್ಡ ಕೇಬಲ್‌ನಿಂದ ನೇರವಾಗಿ ಚಾವಡಿಯ ಪೆಟ್ಟಿಗೆಗೆ ಜೋಡಿಸಿದೆ. ನೆಟ್ ಚೆನ್ನಾಗಿಯೇ ಇತ್ತು. ಆದ್ದರಿಂದ ಕಂಪನಿಯ ಲೈನ್ ಸರಿಯಿದೆ, ಪಕ್ಕದ ಮನೆಯವರು ಹೇಳಿದ ಭಾರವೂ ಕಾರಣವಲ್ಲ. ಮುಂದಿನ ಎರಡು ದಿನ ರೌಟರನ್ನೇ ಚಾವಡಿಗೆ ತಂದು ಅದೇ ಗಿಡ್ಡ ಕೇಬಲ್‌ಗೆ ಜೋಡಿಸಿದೆ. ದೀಪ ಒಮ್ಮೆಯೂ ಆರಲಿಲ್ಲ. ಹಾಗಾಗಿ ರೌಟರ್ ಕೂಡ ಸರಿಯಿದೆ. ಉಳಿದದ್ದು ಆ 15 ಮೀಟರ್ ಕೇಬಲ್.

ಆದರೆ ಕೇಬಲ್‌ಗೆ ಬೆಳಿಗ್ಗೆ ಯಾವುದು, ಸಂಜೆ ಯಾವುದು ಎಂದು ಹೇಗೆ ಗೊತ್ತು? ನೋಟ್‌ಬುಕ್ ಮತ್ತೆ ನೋಡಿದೆ. ಮೊದಲ ಸಲ ಲಿಂಕ್ ಬಿದ್ದ ಸಮಯ ಡಿಸೆಂಬರ್ 8ಕ್ಕೆ 6:07, ಡಿಸೆಂಬರ್ 22ಕ್ಕೆ 6:13, ಜನವರಿ 12ಕ್ಕೆ 6:24. ಸಮಯ ನಿಧಾನವಾಗಿ ಮುಂದಕ್ಕೆ ಸರಿಯುತ್ತಿತ್ತು. ಜನ ಮೊಬೈಲ್ ನೋಡುವ ಹೊತ್ತು ಹೀಗೆ ದಿನಕ್ಕೆ ಅರ್ಧ ನಿಮಿಷದಂತೆ ಸರಿಯುವುದಿಲ್ಲ. ಹಾಗೆ ಸರಿಯುವುದು ಸೂರ್ಯಾಸ್ತ. ಗೋಡೆಯ ಕ್ಯಾಲೆಂಡರಿನಲ್ಲಿ ಮಗ್ರಿಬ್‌ನ ಸಮಯ ನೋಡಿದೆ. ನನ್ನ ಅಂಕಿಗಳು ಅದರ ಬೆನ್ನಿಗೇ ಇದ್ದವು.

ಮಗ್ರಿಬ್‌ನ ಹೊತ್ತಿಗೆ ನಮ್ಮ ಮನೆಯಲ್ಲಿ ತಪ್ಪದೆ ನಡೆಯುವ ಕೆಲಸ ಒಂದಿದೆ. ಸೊಳ್ಳೆ ಬರುತ್ತದೆಂದು ಉಮ್ಮ ಎಲ್ಲ ಕಿಟಕಿಗಳನ್ನೂ ಮುಚ್ಚುತ್ತಾರೆ. ಕೇಬಲ್ ಅಕ್ಕನ ಕೋಣೆಯೊಳಗೆ ಬರುವುದು ಕಿಟಕಿಯ ಮೂಲೆಯಿಂದ. ಮರದ ಬಾಗಿಲು ತಿಂಗಳುಗಟ್ಟಲೆ ಅದನ್ನು ಅದೇ ಜಾಗದಲ್ಲಿ ಒತ್ತಿ, ಒಳಗಿನ ತಂತಿ ಸವೆದಿತ್ತು. ಮರುದಿನ ಮಧ್ಯಾಹ್ನ ಅಕ್ಕನನ್ನು ರೌಟರ್ ಮುಂದೆ ನಿಲ್ಲಿಸಿ ಕಿಟಕಿ ಮುಚ್ಚಿದೆ. ದೀಪ ಆರಿತು. ತೆರೆದೆ, ಬಂತು. ಮೂರು ಸಲ ಹಾಗೆಯೇ ಆಯಿತು. ನಮಗೆ ಬೇಕೆಂದಾಗ ತೊಂದರೆಯನ್ನು ಬರಿಸಲು ಸಾಧ್ಯವಾದರೆ ಅದರ ಕಾರಣ ಸಿಕ್ಕಿತೆಂದೇ ಅರ್ಥ.

ಗೋಡೆಗೆ ತೂತು ಕೊರೆಸಿ ಹೊಸ ಕ್ಯಾಟ್ 6 ಕೇಬಲ್ ಎಳೆದೆವು. ಕೇಬಲ್‌ಗೆ 350 ರೂಪಾಯಿಯಾಯಿತು. ಅಂದಿನಿಂದ ಪೋರ್ಟಿನ ವೇಗ ಹಗಲೂ ರಾತ್ರಿಯೂ 1000.

ಬಿಟ್ಟುಹೋದ ಇಬ್ಬರು ಮಕ್ಕಳಲ್ಲಿ ಒಬ್ಬ ಮರಳಿ ಬಂದ. ಇನ್ನೊಬ್ಬಳು ಬೇರೆ ಕಡೆ ಸೇರಿಯಾಗಿತ್ತು. ಅಕ್ಕ ಬಟ್ಟೆ ಅಂಗಡಿಯ ವಿಚಾರ ಮತ್ತೆ ಎತ್ತಲಿಲ್ಲ. ನನಗೆ ಈಗಲೂ ನೋವಾಗುವುದು ಒಂದೇ ವಿಷಯಕ್ಕೆ. ಆರು ವಾರ ನಾವು ಲೈನನ್ನು, ರೌಟರನ್ನು, ಕಂಪನಿಯನ್ನು ಬೈದೆವು. ದೂರದಲ್ಲಿದ್ದವರು ಅಕ್ಕನನ್ನು ಬೈದರು. ಇವರಲ್ಲಿ ಯಾರ ತಪ್ಪೂ ಇರಲಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಯಾವುದಾದರೂ ಯಂತ್ರ ಮತ್ತೆ ಮತ್ತೆ ಕೆಡುತ್ತಿದ್ದರೆ, ಯಾಕೆ ಎಂದು ಕೇಳುವ ಮೊದಲು ಯಾವಾಗ ಎಂದು ಒಂದು ವಾರ ಬರೆದಿಡಿ. ಅದಕ್ಕೆ ಬೇಕಾಗುವುದು ಒಂದು ಹಾಳೆ ಮತ್ತು ಒಂದು ಪೆನ್ನು.