ಶಾಂಗ್ರಿ-ಲಾ ಮನೆಯ ಆರ್ಥರ್

ಇಂಗ್ಲಿಷ್ ರಾಕ್ ಸಂಗೀತ ಅಂದರೆ ನಮ್ಮಲ್ಲಿ ಅನೇಕ ಹೆಂಗಸರು ಮೂಗು ಮುರಿಯುತ್ತಾರೆ. ತಲೆ ಬಾಚದ ಹುಡುಗರು, ಕಿವಿ ಗಡಚಿಕ್ಕುವ ಗಿಟಾರು, ಅರ್ಥವಾಗದ ಕಿರುಚಾಟ, ಇಷ್ಟೇ ನಮ್ಮ ಲೆಕ್ಕ. ಬೀಟಲ್ಸ್ ಹೆಸರನ್ನಾದರೂ ಕೇಳಿರುತ್ತೇವೆ. 1968ರಲ್ಲಿ ಹೃಷಿಕೇಶಕ್ಕೆ ಬಂದು ಧ್ಯಾನಕ್ಕೆ ಕೂತರಲ್ಲ, ಆ ಕಾರಣಕ್ಕೆ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದ ಇನ್ನೊಂದು ತಂಡ ಕಿಂಕ್ಸ್. ಈ ತಂಡ 1969ರಲ್ಲಿ ಹೊರತಂದ ‘ಆರ್ಥರ್’ ಎಂಬ ಎಲ್.ಪಿ. ರೆಕಾರ್ಡಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಉಪ್ಪಿನಕಾಯಿ, ಹೊಲಿಗೆಯ ಪುಟಗಳ ನಡುವೆ ಇದೆಲ್ಲಿಂದ ಬಂತು ಅಂತ ನಗಬೇಡಿ. ಅದರಲ್ಲಿರುವುದು ಮನೆಸಾಲ, ನೀರಿನ ಕಂದಾಯ, ಒಂದು ಹೊಸ ಟೋಪಿ, ಪರದೇಶಕ್ಕೆ ಹೊರಟು ನಿಂತ ಮಗ, ಅವನೊಡನೆ ಏನು ಮಾತಾಡಬೇಕೋ ತಿಳಿಯದ ಅಪ್ಪ. ನಮಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೇನಿದ್ದೀತು?

ರೆಕಾರ್ಡಿನ ಪೂರ್ತಿ ಹೆಸರು ಉದ್ದವಾದದ್ದು: ‘ಆರ್ಥರ್, ಅಥವಾ ಬ್ರಿಟಿಷ್ ಸಾಮ್ರಾಜ್ಯದ ಅವನತಿ ಮತ್ತು ಪತನ’. ಈ ಹೆಸರೇ ಅದಕ್ಕೆ ಮುಳುವಾಯಿತೋ ಏನೋ. ಕೇಳಿದವರಿಗೆ ಚರಿತ್ರೆಯ ಪಾಠ ಅನ್ನಿಸಬೇಕು. ಅದರ ಗ್ರಹಚಾರವೂ ನೆಟ್ಟಗಿರಲಿಲ್ಲ. ಮೊದಲು ಇದು ಹುಟ್ಟಿದ್ದು ಟೀವಿ ನಾಟಕಕ್ಕಾಗಿ. ಗ್ರಾನಡಾ ಟೆಲಿವಿಷನ್‌ನವರು ಕೇಳಿದ್ದರು. ತಂಡದ ಹಾಡುಗಾರ ರೇ ಡೇವೀಸ್, ಕಾದಂಬರಿಕಾರ ಜೂಲಿಯನ್ ಮಿಚೆಲ್ ಜತೆ ಕೂತು ಕಥೆ ಹೆಣೆದ. ಆ ನಾಟಕವನ್ನು ಆಮೇಲೆ ಕೈಬಿಟ್ಟರು. ಮದುವೆ ನಿಂತುಹೋದ ಮನೆಯಲ್ಲಿ ಮಾಡಿಟ್ಟ ಲಾಡು ಉಳಿದ ಹಾಗೆ ಹಾಡುಗಳು ಮಾತ್ರ ಉಳಿದವು. ಅದೇ ವರ್ಷ ಮೇ ತಿಂಗಳಲ್ಲಿ ‘ದಿ ಹೂ’ ತಂಡದ ‘ಟಾಮಿ’ ಬಂದು ಹಾಡಿನಲ್ಲಿ ಕಥೆ ಹೇಳುವ ಕೀರ್ತಿಯನ್ನೆಲ್ಲ ಬಾಚಿಕೊಂಡಿತ್ತು. ಸೆಪ್ಟೆಂಬರ್ 26ಕ್ಕೆ ಬೀಟಲ್ಸರ ‘ಆಬಿ ರೋಡ್’ ಬಂತು. ಅದಾದ ಎರಡೇ ವಾರಕ್ಕೆ, ಅಕ್ಟೋಬರ್ 10ರಂದು ಪಾಪ ನಮ್ಮ ‘ಆರ್ಥರ್’! ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ರೆಕಾರ್ಡುಗಳ ಪಟ್ಟಿಗೆ ಅದು ಹತ್ತಲೇ ಇಲ್ಲ. ಅಮೆರಿಕದಲ್ಲಿ ವಿಮರ್ಶಕರು ಮೆಚ್ಚಿ ಬರೆದರೂ 105ನೆಯ ಸ್ಥಾನದಿಂದ ಮೇಲೆ ಹೋಗಲಿಲ್ಲ. ಈಗಲೂ ಕಿಂಕ್ಸ್ ಅಭಿಮಾನಿಗಳನ್ನು ಕೇಳಿ, 1968ರ ‘ವಿಲೇಜ್ ಗ್ರೀನ್’ ರೆಕಾರ್ಡಿಗೆ ಮೊದಲು ಆರತಿ ಎತ್ತುತ್ತಾರೆ. ‘ಆರ್ಥರ್’ ಬಗ್ಗೆ ಒಳ್ಳೆಯ ಮಾತಾಡುವವರೂ ಅದನ್ನು ಸಾಮ್ರಾಜ್ಯದ ವಿಡಂಬನೆ ಎಂದು ಹೊಗಳುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಸಾಮ್ರಾಜ್ಯ ಅದರ ಹಣೆಪಟ್ಟಿ, ಒಳಗಿರುವುದು ಸಂಸಾರ.

ನನಗೆ ಇದರ ಪರಿಚಯ ಮಾಡಿಸಿದ್ದು ಸೊಸೆ. 2011ರಲ್ಲಿ ಮೆಲ್ಬರ್ನಿಗೆ ಹೋದ ಮಗ ಅಲ್ಲೇ ಬೇರೂರಿದ. ನಾವಿಬ್ಬರೂ ಹೋಗಿ ಮೂರು ತಿಂಗಳು ಇದ್ದಾಗ, ಹಳೆಯ ರೆಕಾರ್ಡುಗಳ ಹುಚ್ಚಿರುವ ಸೊಸೆ ಇದನ್ನು ಹಾಕಿ, “ಅತ್ತೆ, ಕೇಳಿ. ಇದ್ರಲ್ಲಿ ನಮ್ಮ ಮಾವನ ಥರಾನೇ ಒಬ್ರಿದ್ದಾರೆ” ಅಂದಳು. ಆ ಉಚ್ಚಾರ ನನಗೆ ಅರ್ಧಕ್ಕರ್ಧ ಹಿಡಿಯುವುದಿಲ್ಲ. ಅವಳೇ ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟಳು. ಬೇಳೆ ಬೇಯುವಷ್ಟು ಹೊತ್ತಿಗೆ ಒಂದೋ ಎರಡೋ ಹಾಡು. ಹಾಗೆ ಕೇಳುತ್ತ ಕೇಳುತ್ತ ಇದರ ಹಿಂದಿನ ಕಥೆಯನ್ನೂ ಓದಿಕೊಂಡೆ.

ರೇ ಹುಟ್ಟಿದ್ದು 1944ರಲ್ಲಿ, ಉತ್ತರ ಲಂಡನ್ನಿನ ಸಾಧಾರಣ ಕುಟುಂಬದಲ್ಲಿ. ಅವನಿಗೆ ಆರು ಜನ ಅಕ್ಕಂದಿರು, ಒಬ್ಬ ತಮ್ಮ. ಆ ತಮ್ಮ ಡೇವ್ ಕೂಡ ಇದೇ ತಂಡದ ಗಿಟಾರುಗಾರ. ಅಕ್ಕ ರೀನ್ 1957ರಲ್ಲಿ, ಅವನ ಹದಿಮೂರನೆಯ ಹುಟ್ಟುಹಬ್ಬಕ್ಕೆ ಗಿಟಾರು ಕೊಟ್ಟಳು. ಹೃದಯದ ಕಾಯಿಲೆ ಇದ್ದವಳು. ಅದೇ ಸಂಜೆ ನೃತ್ಯಕ್ಕೆ ಹೋದಳು, ಅಲ್ಲೇ ಕುಸಿದು ತೀರಿಕೊಂಡಳು. ಕೊಟ್ಟ ಉಡುಗೊರೆಯೊಂದಿಗೆ ಅಂಥ ನೆನಪು ಅಂಟಿಕೊಂಡರೆ ಹುಡುಗನ ಮನಸ್ಸು ಏನಾಗಬೇಡ! ಹಿರಿಯಕ್ಕ ರೋಸ್ ಮತ್ತು ಅವಳ ಗಂಡ ಆರ್ಥರ್ ಮನೆಯಲ್ಲಿ ರೇ ಕೆಲವು ಕಾಲ ಬೆಳೆದ. ಆ ರೋಸ್, ಆರ್ಥರ್ ಇಬ್ಬರೂ 1964ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ರೇಗೆ ಆಗ ಇಪ್ಪತ್ತು. ಅದೇ ವರ್ಷ ತಂಡದ ‘ಯೂ ರಿಯಲಿ ಗಾಟ್ ಮಿ’ ಹಾಡು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಏರಿತ್ತು. ಊರೆಲ್ಲ ಹೊಗಳುವಾಗ ಅಕ್ಕ ಊರಲ್ಲಿಲ್ಲ.

ಆ ಕಾಲದಲ್ಲಿ ಬ್ರಿಟಿಷರು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸುವುದು ಎಷ್ಟು ಸುಲಭವಾಗಿತ್ತು ಗೊತ್ತೆ? ಸರ್ಕಾರವೇ ಕರೆಯುತ್ತಿತ್ತು. ದೊಡ್ಡವರಿಗೆ ಹತ್ತು ಪೌಂಡು, ಮಕ್ಕಳಿಗೆ ಪುಕ್ಕಟೆ. ಎರಡು ವರ್ಷ ಅಲ್ಲಿರಬೇಕು, ಮೊದಲೇ ವಾಪಸಾದರೆ ಪ್ರಯಾಣದ ಖರ್ಚು ತುಂಬಿಕೊಡಬೇಕು. ನಮ್ಮಂಥವರಿಗೆ ಆ ಬಾಗಿಲು ಇರಲಿಲ್ಲ. ಬಿಳಿಯರಿಗೇ ಮಣೆ ಹಾಕುವ ನೀತಿಯ ಕೊನೆಯ ಕುರುಹುಗಳನ್ನು ಅವರು ತೆಗೆದುಹಾಕಿದ್ದೇ 1973ರಲ್ಲಿ. ನನ್ನ ಮಗನ ವೀಸಾಕ್ಕೆ ನಾವು ಪಟ್ಟ ಪಾಡು ನೆನೆಸಿಕೊಂಡು ಈ ಹತ್ತು ಪೌಂಡಿನ ಕಥೆ ಓದಿದಾಗ ಹೊಟ್ಟೆ ಉರಿದದ್ದು ನಿಜ. ಇರಲಿ.

ಅಕ್ಕ ಹೋದ ಸಂಕಟವನ್ನು ರೇ 1966ರಲ್ಲೇ ‘ರೋಸಿ’ಯ ಹೆಸರಿನ ಒಂದು ಹಾಡಿನಲ್ಲಿ ತೋಡಿಕೊಂಡಿದ್ದ. ಅದು ದೂರ ಹೋದ ಮಗಳನ್ನು ಮನೆಗೆ ಬಾ ಎಂದು ಕರೆಯುವ ಹಾಡು. ‘ಆರ್ಥರ್’ನಲ್ಲಿ ಅವನು ಮಾಡಿದ್ದು ಇನ್ನೂ ವಿಚಿತ್ರ. ನಿಜಜೀವನದಲ್ಲಿ ಊರು ಬಿಟ್ಟು ಹೋದವನು ಭಾವ ಆರ್ಥರ್. ರೆಕಾರ್ಡಿನ ಕಥೆಯಲ್ಲಾದರೋ ಆರ್ಥರ್ ಹೋಗುವುದಿಲ್ಲ, ಉಳಿಯುತ್ತಾನೆ. ಹೊರಡುವವರು ಅವನ ಮಗ ಡೆರೆಕ್, ಸೊಸೆ ಲಿಜ್ ಮತ್ತು ಎರಡು ಮೊಮ್ಮಕ್ಕಳು. ಆರ್ಥರನ ಅಣ್ಣತಮ್ಮಂದಿರಲ್ಲಿ ಒಬ್ಬ ಮೊದಲನೆಯ ಮಹಾಯುದ್ಧದಲ್ಲಿ ಸತ್ತಿದ್ದಾನೆ. ಅವನ ಹೆಸರಿಟ್ಟ ಹಿರಿಮಗ ಕೊರಿಯಾ ಯುದ್ಧದಲ್ಲಿ. ಉಳಿದ ಒಬ್ಬ ಮಗನೂ ಈಗ ಪೆಟ್ಟಿಗೆ ಕಟ್ಟುತ್ತಿದ್ದಾನೆ. ಆರ್ಥರನ ಹೆಂಡತಿಯ ಹೆಸರು ಮಾತ್ರ ಬದಲಾಗಿಲ್ಲ, ಆಕೆ ರೋಸ್‌ಳೇ. ಅಂದರೆ ಹಿಂದೆ ಉಳಿದ ಹುಡುಗ ತನ್ನ ನೋವನ್ನು ಬಿಟ್ಟುಹೋದ ಭಾವನ ಹೆಗಲಿಗೇ ಹೊರಿಸಿದ. “ನಿಮಗೆ ಹೀಗಾಗಿದ್ದರೆ ಹೇಗಿರುತ್ತಿತ್ತು ನೋಡಿ” ಅನ್ನುವ ಹಾಗೆ. ಇದನ್ನು ನಾನು ಯಾವ ವಿಮರ್ಶಕನಿಂದಲೂ ಕಲಿತದ್ದಲ್ಲ. ಮಗನನ್ನು ವಿಮಾನ ಹತ್ತಿಸಿ ಬಂದವರಿಗೆ ತಾನಾಗಿ ತಿಳಿಯುತ್ತದೆ.

ಹಾಡುಗಳ ವಿಷಯಕ್ಕೆ ಬರೋಣ. ಮೊದಲನೆಯದು ‘ವಿಕ್ಟೋರಿಯಾ’. ಕೈಲಿ ಕಾಸಿಲ್ಲದಿದ್ದರೂ ನಮ್ಮ ರಾಣಿ, ನಮ್ಮ ರಾಜ್ಯ ಎಂದು ಎದೆಯುಬ್ಬಿಸುವ ಬಡವನ ಹಾಡು. ನಡುವೆ ಇಂಡಿಯಾದ ಹೆಸರೂ ಬರುತ್ತದೆ, ಆಳಿಸಿಕೊಂಡವರ ಕಿವಿಗೆ ಒಂಥರಾ ಮುಜುಗರ. ತಾಳ ಮಾತ್ರ ಕಾಲು ಕುಣಿಸುವಂಥದು. ‘ಸಮ್ ಮದರ್ಸ್ ಸನ್’ ಅದಕ್ಕೆ ತದ್ವಿರುದ್ಧ. ಕಂದಕದಲ್ಲಿರುವ ಸೈನಿಕ ಒಂದು ಗಳಿಗೆ ಸೂರ್ಯನತ್ತ ನೋಡಿ ಚಿಕ್ಕಂದಿನ ಆಟ ನೆನೆಯುತ್ತಾನೆ, ಆ ಗಳಿಗೆಯೇ ಅವನ ಕೊನೆ. ಊರಿನಲ್ಲಿ ಬೇರೆ ಅಪ್ಪ ಅಮ್ಮಂದಿರು ಶಾಲೆ ಬಿಡುವ ಹೊತ್ತಿಗೆ ಮಕ್ಕಳಿಗಾಗಿ ಕಾಯುತ್ತ ನಿಂತಿರುತ್ತಾರೆ. ಸತ್ತವನು ಯಾವ ದೇಶದವನು ಅಂತ ಹಾಡು ಹೇಳುವುದಿಲ್ಲ, ಯಾವಳೋ ತಾಯಿಯ ಮಗ ಅಷ್ಟೆ. ಕೊಡಗಿನ ನನ್ನ ಗೆಳತಿಯೊಬ್ಬಳ ಮಗ ಸೇನೆಯಲ್ಲಿದ್ದಾನೆ. ಈ ಒಂದು ಹಾಡಿನ ಅರ್ಥವನ್ನು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಟೋಪಿಯ ಹಾಡು ನಗಿಸುತ್ತದೆ. ಮರೀನಾ ಎಂಬ ರಾಜಮನೆತನದ ಹೆಂಗಸು, 1968ರಲ್ಲಿ ತೀರಿಕೊಂಡವರು, ಉಡುಗೆ ತೊಡುಗೆಗೆ ಹೆಸರಾಗಿದ್ದರು. ಅವರ ಟೋಪಿಯಂಥದೇ ಒಂದನ್ನು ಕೊಂಡ ಸಾಮಾನ್ಯ ಗೃಹಿಣಿ ಅದನ್ನು ಹಾಕಿಕೊಂಡೇ ಕಿಟಕಿ ಒರೆಸುತ್ತಾಳೆ, ಮೆಟ್ಟಿಲು ಉಜ್ಜುತ್ತಾಳೆ! ಒಳಗೆ ನೋಡಿದರೆ ಉಗ್ರಾಣ ಖಾಲಿ. ಗಂಡನಿಗೂ ಮಂತ್ರಿಯೊಬ್ಬರ ಥರದ ಟೋಪಿಯ ಶೋಕಿ. ಇಂಥ ಹಾಡನ್ನು ಇನ್ನೊಬ್ಬ ಬರೆದಿದ್ದರೆ ಅವಳನ್ನು ಗೇಲಿ ಮಾಡಿ ಮುಗಿಸುತ್ತಿದ್ದ. ಇಲ್ಲಿ ರಾಗ ಮೊದಲು ಮೆಲ್ಲಗೆ, ಮರ್ಯಾದೆಯಿಂದ ಶುರುವಾಗಿ ಆಮೇಲೆ ಕೋಡಂಗಿಯಂತೆ ಕುಣಿಯುತ್ತದೆ. ಕಂತಿನಲ್ಲಿ ರೇಷ್ಮೆ ಸೀರೆ ಕೊಂಡವರು ಈ ಹಾಡಿಗೆ ಪೂರ್ತಿ ನಗಲಾರರು.

ಇನ್ನು ‘ಶಾಂಗ್ರಿ-ಲಾ’. ಇಡೀ ರೆಕಾರ್ಡಿನ ಜೀವ ಇದು. 1933ರ ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ಟಿಬೆಟ್ಟಿನ ಬೆಟ್ಟಗಳ ನಡುವೆ ಬರುವ ಸ್ವರ್ಗದಂಥ ಊರಿನ ಹೆಸರು ಶಾಂಗ್ರಿ-ಲಾ. ಆರ್ಥರ್ ತನ್ನ ಪುಟ್ಟ ಮನೆಗೆ ಅದೇ ಹೆಸರಿಟ್ಟಿದ್ದಾನೆ. ಬೆಂಕಿಗೂಡಿನ ಪಕ್ಕ ತೂಗುಕುರ್ಚಿ, ಕಾಲಿಗೆ ಮೆತ್ತನೆ ಚಪ್ಪಲಿ. ಹಿತ್ತಲಿನ ಕಕ್ಕಸಿನ ಕಾಲ ಹೋಯಿತು, ಈಗ ಕಾರಿದೆ. ಆದರೆ ಮನೆಸಾಲ ತೀರಿಲ್ಲ, ಗ್ಯಾಸು, ನೀರು, ಕಾರಿನ ಕಂತು ಎಲ್ಲ ತಲೆಮೇಲೆ ಕೂತಿವೆ. ಬೀದಿಯ ಪ್ರತಿ ಮನೆಗೂ ಒಂದೊಂದು ಹೆಸರು, ಯಾಕೆಂದರೆ ಎಲ್ಲ ಮನೆಯೂ ಒಂದೇ ನಮೂನೆ. ಹಾಡು ಜೋಗುಳದ ಹಾಗೆ ಸಣ್ಣ ದನಿಯಲ್ಲಿ ಶುರುವಾಗುತ್ತದೆ, ತುತ್ತೂರಿಗಳು ಸೇರಿ ಉಬ್ಬುತ್ತ ಹೋಗುತ್ತದೆ, ನಡುವೆ ಸಿಟ್ಟಿನಿಂದ ಕೂಗಾಡುತ್ತದೆ. ಇದು ಮಧ್ಯಮವರ್ಗದ ಮೇಲೆ ಉಗುಳುವ ಹಾಡು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಆರ್ಥರನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಬೈಯುತ್ತದೆ, ಮನೆಯ ಹುಡುಗರು ಬೈಯುವ ಹಾಗೆ.

ನಮ್ಮ ಮನೆಗೂ ಹೆಸರಿದೆ, ‘ಮಾತೃಛಾಯಾ’. ಬಡಾವಣೆಯ ಎದುರು ಸಾಲಿನಲ್ಲೇ ಇನ್ನೆರಡು ಮಾತೃಛಾಯಾಗಳಿವೆ, ಅಂಚೆಯವನು ಪರದಾಡುತ್ತಾನೆ. ಹದಿನೆಂಟು ವರ್ಷ ಸಾಲ ತೀರಿಸಿದೆವು. ಕೊನೆಯ ಕಂತು ಕಟ್ಟಿ ಬಂದ ದಿನ ನಮ್ಮವರು ಕಾಂಪೌಂಡಿನ ಗೋಡೆಯನ್ನು ಒಂದು ಸುತ್ತು ಸವರಿ ಬಂದರು. ಈಗ ಮಗ, “ಮನೆ ಮಾರಿ ಇಲ್ಲಿಗೇ ಬಂದ್ಬಿಡಿ ಅಮ್ಮ, ಆ ಊರಲ್ಲಿ ಇನ್ನೇನಿದೆ?” ಅನ್ನುತ್ತಾನೆ. ನಮ್ಮವರಿಗೆ ನಾನು ‘ಶಾಂಗ್ರಿ-ಲಾ’ ಸಾಲು ಸಾಲಾಗಿ ಅರ್ಥ ಹೇಳಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, “ನೀರಿನ ಕಂದಾಯ ಕಟ್ಟಿ ಆಯ್ತೇನೇ?” ಅಂದರು.

‘ನಥಿಂಗ್ ಟು ಸೇ’ ಹಾಡನ್ನು ಅವರಿಗೆ ಕೇಳಿಸಲಿಲ್ಲ. ಬೆಳೆದ ಮಗ ಅಪ್ಪನನ್ನು ನೋಡಲು ಬಂದು, ಹಳೆಯದನ್ನೆಲ್ಲ ನೆನೆದು, ಹೇಳಲು ಏನೂ ಇಲ್ಲದೆ ಎದ್ದುಹೋಗುವ ಹಾಡು. ಭಾನುವಾರದ ವೀಡಿಯೊ ಕರೆಯಲ್ಲಿ ನಮ್ಮ ಮನೆಯಲ್ಲೂ “ಊಟ ಆಯ್ತಾ”, “ಮಳೆ ಬಂತಾ” ಮುಗಿದ ಮೇಲೆ ಫೋನು ನನ್ನ ಕೈಗೆ ಬರುತ್ತದೆ. ‘ಆಸ್ಟ್ರೇಲಿಯಾ’ ಎಂಬ ಹಾಡು ವಲಸೆಯ ಜಾಹೀರಾತಿನಂತಿದೆ. ಬಿಸಿಲು, ಕಡಲು, ಮೇಲುಕೀಳಿಲ್ಲದ ಬಾಳು, ಬನ್ನಿ ಬನ್ನಿ ಅನ್ನುತ್ತದೆ. ಹಾಡು ಮುಗಿದ ಮೇಲೂ ವಾದ್ಯಗಳು ನಿಮಿಷಗಟ್ಟಲೆ ಎಳೆದಾಡುತ್ತವೆ. ಒಗ್ಗರಣೆಗೆ ಎಣ್ಣೆ ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ.

ಇನ್ನೊಂದು ದೂರೂ ಇದೆ. ಇಷ್ಟೆಲ್ಲ ಮಾಡಿದವನು ರೋಸ್‌ಗೊಂದು ಹಾಡು ಕೊಡಬಾರದಿತ್ತೆ? ಒಬ್ಬ ಮಗನನ್ನು ಯುದ್ಧಕ್ಕೆ, ಇನ್ನೊಬ್ಬನನ್ನು ಪರದೇಶಕ್ಕೆ ಕಳಿಸಿ ಆ ಶಾಂಗ್ರಿ-ಲಾದಲ್ಲಿ ಚಹಾ ಕಾಸುತ್ತಿರುವವಳು ಅವಳೇ ತಾನೆ? ಇಡೀ ರೆಕಾರ್ಡು ಅಕ್ಕನ ಅಗಲಿಕೆಯಿಂದ ಹುಟ್ಟಿದೆ, ಆದರೂ ಅಕ್ಕ ಬಾಯಿ ತೆರೆಯುವುದಿಲ್ಲ.

ಕೊನೆಯ ಹಾಡು ನೇರವಾಗಿ ಆರ್ಥರನಿಗೇ. ಲೋಕ ನಿನ್ನನ್ನು ದಾಟಿ ಹೋಯಿತು, ಆದರೂ ನಿನ್ನ ಕಷ್ಟ ಬಲ್ಲವರಿದ್ದಾರೆ, ನಿನ್ನ ಮೇಲೆ ಪ್ರೀತಿ ಇರುವವರಿದ್ದಾರೆ ಎಂದು ಕುಣಿಯುವ ರಾಗದಲ್ಲಿ ಹೇಳುತ್ತದೆ. ನಿಜವಾದ ಆರ್ಥರ್ ಇದನ್ನು ಕೇಳಿ ಏನೆಂದಾರು ಎಂಬ ಕುತೂಹಲ ನನಗಿತ್ತು. ರೇ 1994ರಲ್ಲಿ ಬರೆದ ಆತ್ಮಕಥೆಯಲ್ಲಿ ಅದಕ್ಕೆ ಉತ್ತರವಿದೆ. ನಿಮ್ಮ ಬಾಳನ್ನು ಹಾಡು ಮಾಡಿದೆನಲ್ಲ ಎಂದು ಭಾವನೆದುರು ಹಳಹಳಿಸಿದಾಗ ಅವರು ಅದನ್ನು ತಳ್ಳಿಹಾಕಿ, ತನ್ನದೇ ಕಥೆಯೆಂದು ಗೊತ್ತಿತ್ತು, ಖುಷಿಯೇ ಆಯಿತು ಎಂದರಂತೆ.

ಈ ತಂಡಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ, ಹೇಳಲು ಮರೆತೆ. 1965ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹಾಡಲು ಹೋಗುವಾಗ ಅವರು ಬೊಂಬಾಯಿಯಲ್ಲಿ ತಂಗಿದ್ದರು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಬೆಸ್ತರ ಹಾಡು ರೇ ಕಿವಿಗೆ ಬಿತ್ತು. ಆ ಗುಂಗಿನಲ್ಲಿ ಹುಟ್ಟಿದ ‘ಸೀ ಮೈ ಫ್ರೆಂಡ್ಸ್’ ಬೀಟಲ್ಸರ ಸಿತಾರ್ ಹಾಡಿಗಿಂತ ಕೆಲವು ತಿಂಗಳು ಮೊದಲೇ ಬಂದದ್ದು.

ಮೊಬೈಲಿನಲ್ಲಿ ಈಗ ಎಲ್ಲವೂ ಸಿಗುತ್ತದೆ. ಕೇಳುವ ಮನಸ್ಸಾದರೆ ಮೊದಲ ಹಾಡಿನಿಂದ ಶುರು ಮಾಡಬೇಡಿ, ಗದ್ದಲಕ್ಕೆ ಬೆದರಿ ನಿಲ್ಲಿಸಿಬಿಡುತ್ತೀರಿ. ‘ಶಾಂಗ್ರಿ-ಲಾ’ ಮೊದಲು, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಒಬ್ಬರೇ ಇದ್ದಾಗ. ಆಮೇಲೆ ‘ಯಂಗ್ ಅಂಡ್ ಇನ್ನೊಸೆಂಟ್ ಡೇಸ್’, ಚಿಕ್ಕ ಹಾಡು. ಟೋಪಿಯ ಹಾಡನ್ನು ಮಕ್ಕಳೊಂದಿಗೆ ಕೇಳಬಹುದು. ‘ಬ್ರೈನ್‌ವಾಶ್ಡ್’ ಬಿಟ್ಟರೂ ನಷ್ಟವಿಲ್ಲ, ತಲೆನೋವು. ಮಗ ಹೊರದೇಶದಲ್ಲಿರುವವರು ‘ಆಸ್ಟ್ರೇಲಿಯಾ’ವನ್ನು ಮಾತು ಮುಗಿಯುವವರೆಗೆ ಮಾತ್ರ ಕೇಳಿ.