ಆಟದ ವಿಮಾನ, ದಿಟದ ಮಾತು

ವಿಮಾನವೆಂಬ ಶಬ್ದವನ್ನು ಬಿಡಿಸಿ ನೋಡಿದರೆ ‘ವಿ’ ಎಂಬ ಉಪಸರ್ಗವೂ ಅಳತೆಯ ಅರ್ಥವುಳ್ಳ ‘ಮಾ’ ಧಾತುವೂ ಅದರಲ್ಲಿ ದೊರೆಯುತ್ತವೆ. ಪುಷ್ಪಕದ ಕಥೆ ಕೇಳಿ ಬೆಳೆದವರಿಗೆ ಈ ಶಬ್ದದಿಂದ ಹಾರಾಟವೊಂದೇ ನೆನಪಾಗುವುದು ಸಹಜ. ಆದರೆ ಇಂದಿನ ವೈಮಾನಿಕನ ದಿನಚರಿಯನ್ನು ಬಲ್ಲವರು ಧಾತ್ವರ್ಥವೇ ಹೆಚ್ಚು ಸತ್ಯವೆಂದು ಒಪ್ಪುವರು. ಎತ್ತರ, ವೇಗ, ದಿಕ್ಕು, ವಾಯುಭಾರ ಎಲ್ಲವೂ ಅಳತೆಗಳೇ. ಇವುಗಳೊಡನೆ ಮಾತೂ ಅಳೆದು ತೂಗಿದ್ದಾಗಿರಬೇಕೆಂಬುದು ಶ್ರೀಮಠದ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮನವರಿಕೆಯಾದದ್ದು ನಲವತ್ತು ದಾಟಿದ ಮೇಲೆ. ಅದೂ ವಿಮಾನದಲ್ಲಿ ಕುಳಿತಲ್ಲ, ಮನೆಯ ಮೂಲೆಯ ಗಣಕಯಂತ್ರದ ಮುಂದೆ ಕುಳಿತು.

ಆತನು ಸಹಕಾರಿ ಬ್ಯಾಂಕೊಂದರಲ್ಲಿ ಲೆಕ್ಕಪತ್ರಗಳನ್ನು ನೋಡುವವನು. ಬಾಲ್ಯದಲ್ಲಿ ವೈಮಾನಿಕನಾಗುವ ಹಂಬಲವಿತ್ತು. ಮಳೆಯನ್ನೇ ನಂಬಿದ ಎರಡೆಕರೆ ಹೊಲದ ಮನೆತನದಲ್ಲಿ ಅಂಥ ಹಂಬಲಕ್ಕೆ ಎಷ್ಟು ಆಯುಷ್ಯವಿರಬಲ್ಲುದೋ ಅಷ್ಟೇ ಇತ್ತು. ಶಾಲೆಯನ್ನು ಮುಗಿಸಿ ಪಟ್ಟಣದ ಕಾಲೇಜು ಸೇರಿದಾಗ ಮೊದಲ ವಾರದಲ್ಲಿಯೇ ಅವನ ಇಂಗ್ಲಿಷ್ ಉಚ್ಚಾರಣೆಗೆ ತರಗತಿಯೆಲ್ಲವೂ ನಕ್ಕಿತು. ಕಲಿಸುವವರೂ ನಕ್ಕರು. ಆ ದಿನದಿಂದ ಆ ಭಾಷೆಯನ್ನು ಓದಿದನು, ಬರೆದನು. ನಾಲ್ವರ ಮುಂದೆ ಆಡಬೇಕಾದಾಗ ಮಾತ್ರ ನಾಲಿಗೆಯ ಪಸೆ ಆರುತ್ತಿತ್ತು.

ಹಾರಾಟವನ್ನು ಗಣಕದ ಪರದೆಯ ಮೇಲೆ ಅನುಕರಿಸುವ ವಿದ್ಯೆ ಹೊಸದೇನಲ್ಲ. ಬ್ರೂಸ್ ಆರ್ಟ್‌ವಿಕ್ ಎಂಬಾತನು ೧೯೭೯ರಲ್ಲಿ ಆ್ಯಪಲ್ ಗಣಕಕ್ಕಾಗಿ ಸಿದ್ಧಪಡಿಸಿದ ಫ್ಲೈಟ್ ಸಿಮ್ಯುಲೇಟರ್ ೧೯೮೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಮುದ್ರೆ ಹೊತ್ತು ಹೊರಬಂದಿತು. ಈಗ ಎಕ್ಸ್‌-ಪ್ಲೇನ್ ಮೊದಲಾದವು ಅದರ ಜೊತೆಗಿವೆ. ಹಣ ತೆರದೆ ಪಡೆಯಬಹುದಾದ ಫ್ಲೈಟ್‌ಗಿಯರ್ ಕೂಡ ಉಂಟು. ಮೂರು ವರ್ಷಗಳ ಕಾಲ ಆತನು ರಾತ್ರಿ ಊಟವಾದ ಮೇಲೆ ಇಂಥ ಆಕಾಶದಲ್ಲಿ ಒಬ್ಬನೇ ಹಾರಿದನು. ಮೇಲೇರಲೂ ಇಳಿಯಲೂ ಕಲಿತನು. ಆದರೆ ಆ ಆಕಾಶ ಮೂಕವಾಗಿತ್ತು. ಕೇಳುವವರಿಲ್ಲ, ತಡೆಯುವವರಿಲ್ಲ, ಬೇರೊಂದು ವಿಮಾನವೂ ಇಲ್ಲ. ಸಂತೆಯಿಲ್ಲದ ದಿನ ಸಂತೆಮಾಳದಲ್ಲಿ ಬಂಡಿ ಓಡಿಸಿದಂತೆ.

ಮೂಕ ಆಕಾಶಕ್ಕೆ ಮಾತು ಕೊಟ್ಟವರು ಹವ್ಯಾಸಿಗಳೇ. ೧೯೯೮ರಲ್ಲಿ ಐವಾವೋ, ೨೦೦೧ರಲ್ಲಿ ವ್ಯಾಟ್‌ಸಿಮ್ ಎಂಬ ಜಾಲಗಳು ಹುಟ್ಟಿಕೊಂಡವು. ಲೋಕದ ನಾನಾ ಮೂಲೆಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತವರು ಇವುಗಳ ಮೂಲಕ ಒಂದೇ ಆಕಾಶದಲ್ಲಿ ಹಾರುತ್ತಾರೆ. ಇನ್ನು ಕೆಲವರು ರೇಡಾರಿನ ಪ್ರತಿಕೃತಿಯನ್ನು ಮುಂದಿಟ್ಟುಕೊಂಡು ಸಂಚಾರ ನಿಯಂತ್ರಕರ ಪಾತ್ರ ವಹಿಸುತ್ತಾರೆ. ಈ ನಿಯಂತ್ರಕರಿಗೆ ಸಂಬಳವಿಲ್ಲ. ಆದರೂ ಪಾಠ, ಪರೀಕ್ಷೆ, ಮೆಟ್ಟಿಲು ಮೆಟ್ಟಿಲಾದ ಅರ್ಹತೆಗಳು ತಪ್ಪುವುದಿಲ್ಲ. ಹೊಸದಾಗಿ ಸೇರುವ ವೈಮಾನಿಕನೂ ಶುಲ್ಕ ಕೊಡಬೇಕಾಗಿಲ್ಲ, ಚಿಕ್ಕ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕು. ದಾರಿಯ ವಿವರವನ್ನು ಮೊದಲೇ ಸಲ್ಲಿಸಬೇಕು. ಜಾಲವನ್ನು ಪ್ರವೇಶಿಸುವಾಗ ವಿಮಾನ ತಂಗುದಾಣದಲ್ಲಿರಬೇಕೇ ಹೊರತು ಓಡುದಾರಿಯ ಮೇಲೆ ಪ್ರತ್ಯಕ್ಷವಾಗಕೂಡದು. ದೇವರುಗಳಿಗೆ ಮಾತ್ರ ಸಲ್ಲುವ ಆ ಪರಿಯ ಆವಿರ್ಭಾವವನ್ನು ಹೊಸಬರು ಮಾಡುವುದುಂಟಂತೆ!

ಎಲ್ಲ ನಿಲ್ದಾಣಗಳಲ್ಲಿಯೂ ಎಲ್ಲ ಹೊತ್ತೂ ನಿಯಂತ್ರಕರು ಇರುವುದಿಲ್ಲ. ಯಾರು ಎಲ್ಲಿ ಕುಳಿತಿದ್ದಾರೆಂಬುದನ್ನು ತೋರಿಸುವ ಭೂಪಟವೊಂದುಂಟು. ದೊಡ್ಡ ಪ್ರದೇಶವನ್ನು ನೋಡಿಕೊಳ್ಳುವ ನಿಯಂತ್ರಕನೊಬ್ಬನೇ ಇದ್ದರೆ, ಅದರ ಕೆಳಗಣ ನಿಲ್ದಾಣದ ಅನುಮತಿ, ನೆಲದ ಚಲನೆ, ಗೋಪುರದ ಕೆಲಸ ಇವೆಲ್ಲವೂ ಅವನ ಹೆಗಲಿಗೇ ಬರುತ್ತವೆ. ಯಾರೂ ಇಲ್ಲದೆಡೆ ವೈಮಾನಿಕರು ೧೨೨.೮ ಎಂಬ ಸಾಮಾನ್ಯ ತರಂಗದಲ್ಲಿ ತಮ್ಮ ಇರವನ್ನೂ ಮುಂದಿನ ನಡೆಯನ್ನೂ ಪರಸ್ಪರ ತಿಳಿಸಿಕೊಳ್ಳಬೇಕು.

ಆತನು ಮೂರು ರಾತ್ರಿ ಕೇವಲ ಆಲಿಸಿದನು. ನಾಲ್ಕನೆಯ ರಾತ್ರಿ ಬೆಂಗಳೂರಿನ ಮೇಲೆ ನಿಯಂತ್ರಕನೊಬ್ಬನಿದ್ದುದನ್ನು ಕಂಡು ಹುಬ್ಬಳ್ಳಿಗೆ ಹೋಗುವ ಯೋಜನೆ ಸಲ್ಲಿಸಿ, ಗುಂಡಿಯೊತ್ತಿ ಅನುಮತಿ ಬೇಡಿದನು. ಉತ್ತರ ಬಂದಿತು. ಗಮ್ಯ, ದಾರಿ, ಮೊದಲಿಗೆ ಏರಬೇಕಾದ ಎತ್ತರ, ಮುಂದಿನ ತರಂಗ, ಗುರುತಿನ ಅಂಕಿ ಎಲ್ಲವೂ ಒಂದೇ ಉಸಿರಿನಲ್ಲಿ ಸುರಿದವು. ಅದನ್ನು ಯಥಾವತ್ತಾಗಿ ಮರಳಿ ಹೇಳಬೇಕು. ಪ್ರತಿವಚನವೆಂದು ಕರೆಯಬಹುದಾದ ಈ ಕ್ರಿಯೆಗೆ ಅವರು ರೀಡ್‌ಬ್ಯಾಕ್ ಎನ್ನುತ್ತಾರೆ. ಆತನ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ. ಅದೇ ತರಂಗದಲ್ಲಿ ಇನ್ನೂ ಐದಾರು ಮಂದಿ ಇದ್ದರು. ಅವರೆಲ್ಲರೂ ಆ ಹಳೆಯ ತರಗತಿಯ ಬೆಂಚುಗಳ ಮೇಲೆ ಕುಳಿತಂತೆ ಭಾಸವಾಯಿತು. ಗಣಕವನ್ನೇ ಆರಿಸಿ ಎದ್ದುಹೋದನು. ಹದಿನೈದು ದಿನ ಅದರತ್ತ ಸುಳಿಯಲಿಲ್ಲ.

ಮಾತಾಡಲು ಅಂಜುವವರು ಬರೆದು ತಿಳಿಸಲು ಆ ಜಾಲದಲ್ಲಿ ಅವಕಾಶವುಂಟು. ಆತನು ಅದನ್ನು ಬಲ್ಲನು, ಆದರೂ ಒಲ್ಲೆನೆಂದನು. ಇಲ್ಲಿಯೂ ಬರೆದು ಪಾರಾದರೆ ಇನ್ನೆಲ್ಲಿ ಆಡುವುದು ಎಂಬುದು ಅವನ ಹಟ. ಆ ಹದಿನೈದು ದಿನಗಳಲ್ಲಿ ವೈಮಾನಿಕರ ಭಾಷೆಯನ್ನು ಕುರಿತು ಓದುತ್ತ ಕುಳಿತನು. ಓದಿದಂತೆಲ್ಲ ಬೆರಗು ಹೆಚ್ಚಿತು. ೧೯೭೭ರ ಮಾರ್ಚ್ ೨೭ರಂದು ಟೆನೆರಿಫ್ ದ್ವೀಪದ ಮಂಜು ಮುಸುಕಿದ ಓಡುದಾರಿಯ ಮೇಲೆ ಎರಡು ಬೋಯಿಂಗ್ ೭೪೭ ವಿಮಾನಗಳು ಡಿಕ್ಕಿಯಾಗಿ ೫೮೩ ಮಂದಿ ಮಡಿದರು. ಆ ದುರಂತಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ಮಾತಿನ ಸಡಿಲು. ತಾನು ಟೇಕಾಫ್‌ನಲ್ಲಿದ್ದೇನೆಂದು ಒಬ್ಬನು ಅಸ್ಪಷ್ಟವಾಗಿ ನುಡಿದನು. ಗೋಪುರದವನು ಮೊದಲು ಸರಿಯೆಂದು, ಬಳಿಕ ಕಾಯೆಂದನು. ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ ಎರಡು ಧ್ವನಿಗಳು ಕೂಡಿ ಕರ್ಕಶವಾದ ಸಿಳ್ಳೆಯಾಯಿತು. ಆಮೇಲೆ ಟೇಕಾಫ್ ಎಂಬ ಶಬ್ದವನ್ನು ಮೇಲೇರುವ ಅನುಮತಿಯ ಸಂದರ್ಭಕ್ಕೇ ಮೀಸಲಿರಿಸಿ, ಉಳಿದೆಡೆ ಡಿಪಾರ್ಚರ್ ಎನ್ನಬೇಕೆಂಬ ಕಟ್ಟಳೆಯಾಯಿತು. ಭಾರತದಲ್ಲಿಯೇ ೧೯೯೬ರ ನವೆಂಬರ್ ೧೨ರಂದು ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ ೩೪೯ ಜನರು ತೀರಿಕೊಂಡರು. ಒಂದು ವಿಮಾನ ತನಗೆ ವಿಧಿಸಿದ ಎತ್ತರಕ್ಕಿಂತ ಕೆಳಗಿಳಿದಿತ್ತು. ಅದರ ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆಯೂ ವಿಚಾರಣೆಯಲ್ಲಿ ಪ್ರಸ್ತಾಪವಾಯಿತು.

ಸ್ವರ ತಪ್ಪಿದ ಒಂದು ಪದದಿಂದ ತ್ವಷ್ಟೃವಿನ ಯಜ್ಞವು ಅವನ ಮಗನಿಗೇ ಮುಳುವಾದ ಕಥೆಯನ್ನು ವ್ಯಾಕರಣ ಕಲಿಯುವವರೆಲ್ಲರೂ ಕೇಳಿರುತ್ತಾರೆ. ಕೇಳಿ ನಗುವವರೇ ಹೆಚ್ಚು. ಈ ಎರಡು ದುರಂತಗಳನ್ನು ಓದಿದ ಮೇಲೆ ಆ ಕಥೆಗೆ ನಗುವುದು ಕಷ್ಟ.

ಇನ್ನೊಂದು ಸಂಗತಿ ಆತನನ್ನು ಬಹುವಾಗಿ ಸಂತೈಸಿತು. ಆಕಾಶದ ಇಂಗ್ಲಿಷ್ ಕಾಲೇಜಿನ ಇಂಗ್ಲಿಷ್ ಅಲ್ಲ. ಅದರಲ್ಲಿ ಮೂರನ್ನು ಟ್ರೀ ಎಂದೂ, ಐದನ್ನು ಫೈಫ್ ಎಂದೂ, ಒಂಬತ್ತನ್ನು ನೈನರ್ ಎಂದೂ ಉಚ್ಚರಿಸಬೇಕೆಂಬುದೇ ವಿಧಿ. ಯಾರ ಕಿವಿಗೂ ತಪ್ಪಾಗಿ ಕೇಳಿಸದಿರಲೆಂದು ಬೇಕೆಂದೇ ಒರಟಾಗಿಸಿದ ಭಾಷೆಯದು. ರೋಜರ್ ಎಂದರೆ ಕೇಳಿಸಿತೆಂದಷ್ಟೇ ಅರ್ಥ, ವಿಲ್ಕೋ ಎಂದರೆ ಮಾಡುತ್ತೇನೆಂದು. ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲದು. ಸೂತ್ರಗಳಂತೆ ಅಲ್ಪಾಕ್ಷರ, ಅಸಂದಿಗ್ಧ. ಗುರುವು ನುಡಿದುದನ್ನು ಶಿಷ್ಯನು ಮರಳಿ ನುಡಿಯಬೇಕು, ಗುರುವು ಕಿವಿಗೊಟ್ಟು ತಿದ್ದಬೇಕು. ಶಾಲೆಯ ಪ್ರಾರ್ಥನಾಮಂದಿರದಲ್ಲಿ ವಚನಗಳನ್ನು ಬಾಯಿಪಾಠ ಮಾಡಿಸಿದ ಅಧ್ಯಾಪಕರು ಅನುಸರಿಸಿದ ಕ್ರಮವೂ ಇದೇ ಅಲ್ಲವೆ? ಅಲ್ಲಿ ಆತನು ಎಂದೂ ಹಿಂದೆ ಬಿದ್ದವನಲ್ಲ.

ಮತ್ತೊಂದು ರಾತ್ರಿ ಪ್ರವೇಶಿಸಿದನು. ಸಲ್ಲಿಸಿದ ಯೋಜನೆಯ ಟಿಪ್ಪಣಿಯಲ್ಲಿ ತಾನು ಹೊಸಬನೆಂದು ಬರೆದನು. ಹೀಗೆ ಬರೆಯುವುದು ಅಲ್ಲಿ ರೂಢಿ. ಕಾಗದದ ಮೇಲೆ ಐದು ಗೆರೆ ಎಳೆದು ಗಮ್ಯ, ದಾರಿ, ಎತ್ತರ, ತರಂಗ, ಅಂಕಿ ಎಂದು ಮೊದಲೇ ಗುರುತಿಸಿಕೊಂಡನು. ಅನುಮತಿ ಬಂದಂತೆ ಒಂದೊಂದು ಗೆರೆಯೂ ತುಂಬಿತು. ಓದಿದನು, ಧ್ವನಿ ನಡುಗಿತು, ನಿಲ್ಲಲಿಲ್ಲ. ಗುರುತಿನ ಅಂಕಿ ೨೩೧೭ ಎಂದಿದ್ದುದನ್ನು ೨೩೭೧ ಎಂದುಬಿಟ್ಟನು. ನಿಯಂತ್ರಕನು ಅಲ್ಲವೆಂದು ನುಡಿದು ಅಂಕಿಯನ್ನು ಮಾತ್ರ ಬಿಡಿಬಿಡಿಯಾಗಿ ಪುನಃ ಹೇಳಿದನು. ಅಂಕಿಗಳು ಹೀಗೆ ಅದಲುಬದಲಾದರೆ ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದೆಂಬುದು ಲೆಕ್ಕಿಗರೆಲ್ಲ ಬಲ್ಲ ಗುಟ್ಟು. ಪ್ರತಿದಿನವೂ ಬೇರೆಯವರ ಇಂಥ ತಪ್ಪನ್ನು ಹಿಡಿಯುವವನಿಗೆ ತನ್ನ ತಪ್ಪನ್ನು ಕಂಡು ಒಳಗೊಳಗೇ ನಗು ಬಂದಿತು. ನಗು ಬಂದೊಡನೆ ಭಯ ಸಡಿಲಿತು. ತಿದ್ದಿ ಹೇಳಿದನು. ‘ರೀಡ್‌ಬ್ಯಾಕ್ ಕರೆಕ್ಟ್’ ಎಂಬ ಎರಡು ಪದಗಳು ಕಿವಿಗೆ ಬಿದ್ದವು. ಯಾರೂ ನಗಲಿಲ್ಲ. ಮುಂದಿನ ವಿಮಾನದವನು ತನ್ನ ಬೇಡಿಕೆಯನ್ನು ಸಲ್ಲಿಸಿದನು, ಅಷ್ಟೆ.

ತನ್ನ ಪ್ರದೇಶದಿಂದ ಆತನನ್ನು ಬೀಳ್ಕೊಡುವಾಗ ಆ ನಿಯಂತ್ರಕನು ಒಂದು ಸಾಲು ಬರೆದು ಕಳುಹಿಸಿದನು. ತಾನಿನ್ನೂ ಕಲಿಯುತ್ತಿರುವ ಹುಡುಗ, ಇಂದು ಏಳೆಂಟು ವಿಮಾನಗಳು ಒಮ್ಮೆಲೇ ಬಂದು ಕೈ ಬೆವರಿತ್ತು, ನಿಧಾನವಾಗಿ ಮಾತಾಡಿದ್ದಕ್ಕೆ ಉಪಕಾರವಾಯಿತು ಎಂದು ಅದರಲ್ಲಿತ್ತು. ಆತನು ಆ ಸಾಲನ್ನು ಎರಡು ಸಲ ಓದಿದನು. ಅಷ್ಟರಲ್ಲಿ ಹುಬ್ಬಳ್ಳಿ ಸಮೀಪಿಸಿತ್ತು. ಅಲ್ಲಿ ಯಾವ ನಿಯಂತ್ರಕನೂ ಇರಲಿಲ್ಲ. ಕೇಳುವವರು ಯಾರಾದರೂ ಇರಲಿ ಬಿಡಲಿ, ವಿಧಿಯಂತೆ ಸಾಮಾನ್ಯ ತರಂಗದಲ್ಲಿ ಇಳಿಯುತ್ತಿರುವುದಾಗಿ ಸಾರಿ, ಇಳಿದನು.

ಈಗ ಆತನು ನಿಯಂತ್ರಕರ ಪಾಠಗಳಿಗೆ ಹೆಸರು ಬರೆಯಿಸಿ ತನ್ನ ಸರದಿಗಾಗಿ ಕಾಯುತ್ತಿದ್ದಾನೆ. ಸರದಿ ಉದ್ದವಿದೆ.