ಮೂರು ದಾರಿ, ಮೂರು ವೇಗ

ದಪ್ಪ ಟೈರಿನ, ಗೇರಿನ ಮೌಂಟನ್ ಬೈಕು ಕಂಡರೆ ತುಮಕೂರಿನ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ: 'ಇದು ಎಷ್ಟು ಸ್ಪೀಡ್ ಹೋಗುತ್ತೆ?' ಅದಕ್ಕೆ ಉತ್ತರ ಸೈಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಊರಿನಿಂದ ಹೊರಡುವ ಮೂರು ದಾರಿಗಳಲ್ಲಿ ಸಿಗುತ್ತದೆ.

ಮೊದಲನೆಯದು ಗುಬ್ಬಿಯ ದಾರಿ. ನಾಟಕರತ್ನ ವೀರಣ್ಣನವರ ಈ ಊರು ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ಮಲ್ಲಸಂದ್ರ ದಾಟಿ, ತೆಂಗಿನ ತೋಟಗಳ ನಡುವೆ ಸಾಗುವ ಸಾಧಾರಣ ಸವಾರ ಸಮತಟ್ಟಾದ ಕಡೆ ಗಂಟೆಗೆ 20 ಕಿ.ಮೀ. ಹೋದರೆ ಚೆನ್ನಾಗಿಯೇ ತುಳಿದಂತೆ. ಮೌಂಟನ್ ಬೈಕಿನ ಗುಬಟು ಟೈರು ಕೆಸರಿನಲ್ಲಿ ಹಿಡಿತ ಕೊಡುತ್ತದೆ, ಡಾಂಬರಿನ ಮೇಲೆ ಬಲ ತಿನ್ನುತ್ತದೆ. ಆಷಾಢದಲ್ಲಿ ಪಶ್ಚಿಮದ ಗಾಳಿ ಎದುರಾದರೆ ಅದೇ ಸವಾರ 13-14ಕ್ಕೆ ಇಳಿಯುತ್ತಾನೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. 40ರ ವೇಗದಲ್ಲಿ ಗುಬ್ಬಿ ತಲುಪುವುದು ಪಳಗಿದ ಕಾಲುಗಳ ಮಾತು.

ಎರಡನೆಯದು ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ. ಜನಪದ ಹಾಡಿನಿಂದ ಮನೆಮಾತಾದ ಕೆರೆಯ ಈ ಊರಿಗೆ ಇನ್ನೊಂದು ಹೆಸರು ತಂದದ್ದು ಕುದುರೆ. ಟಿಪ್ಪುವಿನ ಕಾಲದಲ್ಲಿ ಇಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸುತ್ತಿದ್ದರು; ಮುಂದೆ ರೇಸಿನ ಕುದುರೆಗಳು ಬಂದವು. ರೇಸಿನ ಕುದುರೆ ಗಂಟೆಗೆ 60 ಕಿ.ಮೀ. ಓಡಬಲ್ಲದು, ಆದರೆ ಕೆಲವೇ ನಿಮಿಷ. ಸೈಕಲ್ ಸವಾರ ಅದರ ಮೂರನೇ ಒಂದು ಪಾಲು ವೇಗದಲ್ಲಿ ಎರಡು ಗಂಟೆ ತುಳಿದು, ಕೆರೆ ಏರಿಯ ಮೇಲೆ ನಿಂತು ನೀರು ಕುಡಿಯುತ್ತಾನೆ.

ಮೂರನೆಯದು ದೇವರಾಯನದುರ್ಗ. ನಾಮದ ಚಿಲುಮೆಯ ಕಾಡು ದಾಟಿ ಬೆಟ್ಟ ಹತ್ತಬೇಕು. ನೂರು ಅಡಿಗೆ ಎಂಟು ಅಡಿ ಏರುವ ರಸ್ತೆ ಎಂದಿಟ್ಟುಕೊಳ್ಳಿ. ಗುಬ್ಬಿಯಲ್ಲಿ 20ರಲ್ಲಿ ಹೋದವನು ಇಲ್ಲಿ 6-7ರಲ್ಲಿ ತೆವಳುತ್ತಾನೆ. ನಡೆದು ಬರುವ ಭಕ್ತರಿಗಿಂತ ತುಸು ಮುಂದೆ, ಅಷ್ಟೆ. ಯೋಗ ನರಸಿಂಹನಿಗೆ ಕೈಮುಗಿದು ತಿರುಗಿದರೆ ಲೆಕ್ಕವೇ ಬದಲು. ಪೆಡಲ್ ಮುಟ್ಟದಿದ್ದರೂ ಅಂಥ ಇಳಿಜಾರು 45ಕ್ಕೆ ಒಯ್ಯುತ್ತದೆ.

ಆ ವೇಗದಲ್ಲಿ ಒಂದು ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ತಿರುವಿನಲ್ಲಿ ಕೋತಿಮರಿಯೋ ಬಸ್ಸೋ ಕಂಡು, ಕೈ ಬ್ರೇಕು ಹಿಡಿಯುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಒಣ ಡಾಂಬರಿನ ಮೇಲೂ ನಿಲ್ಲಲು ಒಟ್ಟು ಮೂವತ್ತು ಮೀಟರಾದರೂ ಬೇಕು. ಮುಂದಿನ ರಸ್ತೆ ಹತ್ತೇ ಮೀಟರ್ ಕಾಣುತ್ತಿದ್ದರೆ?

ಫ್ರಾನ್ಸಿನ ಎರಿಕ್ ಬರೋನ್ 2017ರಲ್ಲಿ ಆಲ್ಪ್ಸ್‌ನ ವಾರ್ಸ್ ಹಿಮದ ಇಳಿಜಾರಿನಲ್ಲಿ ಮೌಂಟನ್ ಬೈಕಿನಲ್ಲಿ ಗಂಟೆಗೆ 227 ಕಿ.ಮೀ. ಮೀರಿದ. ಅಲ್ಲಿ ತಿರುವಿರಲಿಲ್ಲ, ಎದುರಿಗೆ ಯಾರೂ ಬರುವಂತಿರಲಿಲ್ಲ. ಅದೇ ಬರೋನ್ 2002ರಲ್ಲಿ ನಿಕರಾಗುವಾದ ಜ್ವಾಲಾಮುಖಿಯ ಜಲ್ಲಿಯ ಮೇಲೆ 172 ಮುಟ್ಟಿದಾಗ ಸೈಕಲ್ಲು ಮುರಿದು, ಮೈಮೂಳೆ ಮುರಿದುಕೊಂಡಿದ್ದ.

ಏರುವಾಗಿನ ಏಳು ಸವಾರನ ಸ್ವಂತ ಗಳಿಕೆ. ಇಳಿಯುವಾಗಿನ ನಲವತ್ತೈದು ಬೆಟ್ಟ ಕೊಟ್ಟ ಕೈಗಡ. ಪ್ರತಿ ತಿರುವಿನಲ್ಲೂ ಬ್ರೇಕು ಹಿಡಿದು ಅದನ್ನು ತೀರಿಸುತ್ತಲೇ ಬರಬೇಕು. ಹಾಗೆ ಬಂದವನು ಕೆಳಗೆ ಭೋಗ ನರಸಿಂಹನ ಗುಡಿಯ ಬಳಿ ನಿಂತು ಚಕ್ರದ ರಿಮ್ಮು ಮುಟ್ಟಿದರೆ ಬೆರಳಿಗೆ ಬಿಸಿ ತಾಗುತ್ತದೆ.